ನೂರಕ್ಕೆ ನೂರು

ಹೊಲಿಗೆ ಯಂತ್ರದ ಸೂಜಿ ಬೆರಳಿಗೆ ಹೊಕ್ಕು ಆಸ್ಪತ್ರೆಗೆ ಬಂದಿದ್ದ ಟೈಲರ್ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ. ಪಕ್ಕದಲ್ಲಿ, ಯಾವುದೋ ಕಂಪನಿಯಲ್ಲಿ ಗುಡಿಸಿ ಒರೆಸುವ ಇಬ್ಬರು ಹೆಂಗಸರು ಸಮವಸ್ತ್ರದಲ್ಲೇ ಕೂತಿದ್ದರು. ಕಿರಿಯವಳ ಅಂಗೈ ಸುಟ್ಟು ಬೊಬ್ಬೆ ಎದ್ದಿತ್ತು. ಬೇಡವೆಂದರೂ ಅವರ ಮಾತು ಟೈಲರನ ಕಿವಿಗೆ ಬಿತ್ತು.

“ಪೈಪು ಕ್ಲೀನ್ ಮಾಡೋ ಪುಡಿಗೆ ಬಿಸಿನೀರು ಸುರೀಬಾರ್ದು ಅಂತ ಯಾರೂ ಹೇಳ್ಲಿಲ್ವೇನೇ?”

“ಯಾರು ಹೇಳ್ತಾರಕ್ಕ? ಡಬ್ಬಿ ಮೇಲಿರೋದು ನಂಗೆ ಓದಕ್ಕೆ ಬರಲ್ಲ.”

“ಎಲ್ಲರಿಗೂ ತರಬೇತಿ ಆಯ್ತು, ಒಬ್ರನ್ನೂ ಬಿಟ್ಟಿಲ್ಲ ಅಂತ ಗೋಡೆ ತುಂಬ ಅಂಟಿಸಿದಾರಲ್ಲ.”

“ಅದು ಕಂಪ್ಯೂಟರಲ್ಲಂತೆ. ನಮ್ಮ ಶಿಫ್ಟಿನ ನಲವತ್ತು ಜನರ ಪರೀಕ್ಷೇನೂ ಸೂಪರ್‌ವೈಸರೇ ಟೀ ಕುಡೀತಾ ಒತ್ತಿ ಮುಗಿಸಿದ.”

“ಥೂ, ಅವನ ಮುಖಕ್ಕಿಷ್ಟು.”

“ಇವತ್ತು ಕೈ ತೋರಿಸಿದ್ರೆ ಮ್ಯಾನೇಜರಮ್ಮ ನನ್ನ ಸರ್ಟಿಫಿಕೇಟೇ ಮುಂದೆ ಹಿಡಿದ್ರು. ಗೊತ್ತಿದ್ದೂ ಮಾಡಿದೀಯ, ತಪ್ಪು ನಿಂದೇ ಅಂದ್ರು.”

“ಎಷ್ಟು ಬಂದಿತ್ತಂತೆ ನಿಂಗೆ?”

“ನೂರಕ್ಕೆ ನೂರು. ಸ್ಕೂಲಲ್ಲಿ ಒಂದಿನಾನೂ ಕೂರದೋಳಿಗೆ.”

ಹಿರಿಯವಳು ಸೆರಗಿನಿಂದ ಕಿರಿಯವಳ ಅಂಗೈಗೆ ಗಾಳಿ ಹಾಕುತ್ತಲೇ ಇದ್ದಳು.

“ಇನ್ನೂ ಕೇಳಕ್ಕ. ಅಷ್ಟು ಮಾರ್ಕ್ಸ್ ತಗೊಂಡೋರು ಸೋಮವಾರದಿಂದ ಹೊಸಬರಿಗೆ ಕಲಿಸ್ಬೇಕಂತೆ. ಲಿಸ್ಟಲ್ಲಿ ನನ್ನ ಹೆಸರೂ ಇದೆ.”

ಒಳಗಿಂದ ನರ್ಸ್ ಕೂಗಿದಳು. ಹಿರಿಯವಳು ಎದ್ದು, ಕಿರಿಯವಳ ಮೊಣಕೈ ಹಿಡಿದು ಎಬ್ಬಿಸಿದಳು.

“ಏಳಿ ಟೀಚರಮ್ಮ, ಕೈಗೆ ಪಟ್ಟಿ ಕಟ್ಟಿಸ್ಕೊಳ್ಳಿ. ಸೋಮವಾರ ಸೀಮೆಸುಣ್ಣ ಹಿಡೀಬೇಕಲ್ಲ.”