ಗೋಡೆ ಕಟ್ಟಿಕೊಂಡ ಮಂಗಟ್ಟೆ ಹಕ್ಕಿ

ಪ್ರೀತಿ ಎಂದರೇನು ಎಂದು ಇಷ್ಟು ಹೊತ್ತು ಹೇಳಿದ್ದಾಯಿತು. ಕೊನೆಯ ಸಾಲಿನಲ್ಲಿ ಇಬ್ಬರು ಆಗಲೇ ತೂಕಡಿಸುತ್ತಿದ್ದಾರೆ. ತಪ್ಪು ಅವರದಲ್ಲ, ಬರೀ ಮಾತು ಯಾರಿಗೆ ತಾನೇ ರುಚಿಸೀತು? ಒಂದು ಕಥೆ ಹೇಳುತ್ತೇನೆ, ಕೇಳಿ.

ಒಂದು ಊರು. ಆ ಊರಲ್ಲಿ ಒಬ್ಬ ಸಾಹುಕಾರ, ಬೆಲ್ಲದ ಮಂಡಿ ಇಟ್ಟು ಮೇಲೆ ಬಂದವನು. ಊರು ಯಾವುದು ಎಂದು ಕೇಳಬೇಡಿ. ಹೇಳಿದರೆ ನಿಮ್ಮಲ್ಲೇ ಯಾರಾದರೂ ಎದ್ದು ‘ಅಯ್ಯೋ, ಅವ್ರು ನಮ್ಮ ಬೀಗ್ರು’ ಎಂದಾರು. ಕೆಟ್ಟವನಲ್ಲ ನೋಡಿ, ಒಳ್ಳೆಯವನು. ಕೊಡುವ ಕೈ. ಶಾಲೆಗೆ ಕೋಣೆ ಕಟ್ಟಿಸಿದ, ಆಸ್ಪತ್ರೆಗೆ ಮಂಚ ಕೊಟ್ಟ, ಬಸ್ ಸ್ಟ್ಯಾಂಡಿನಲ್ಲಿ ನೀರಿನ ತೊಟ್ಟಿ ಇಡಿಸಿದ. ಆದರೆ ಅವನಲ್ಲಿ ಒಂದೇ ಒಂದು ಕೊರತೆ. ಕಾಯಲಾರ. ಹಿತ್ತಲಲ್ಲಿ ಕೊತ್ತಂಬರಿ ಬಿತ್ತಿದರೆ ಮೂರನೆಯ ದಿನವೇ ಮಣ್ಣು ಕೆದಕಿ ಮೊಳಕೆ ಬಂತೇ ಎಂದು ನೋಡುವವನು. ಒಲೆಯ ಮೇಲೆ ಅನ್ನ ಬೇಯುತ್ತಿದ್ದರೆ ಮುಚ್ಚಳ ತೆಗೆದು ತೆಗೆದು ನೋಡಿ ಹೆಂಡತಿಯಿಂದ ಬೈಸಿಕೊಳ್ಳುವವನು. ನಗುತ್ತಿದ್ದೀರಿ. ನಗಿ, ನಗಿ.

ಆ ಸಾಹುಕಾರನಿಗೆ ಇನ್ನೊಂದು ವರ್ಷಕ್ಕೆ ಅರವತ್ತು ತುಂಬುತ್ತದೆ. ಎಲ್ಲರೂ ಮಾಡುವ ಹಾಗೆ ಹೋಮ, ಊಟ ಇದ್ದೇ ಇದೆ. ಹೊಸದಾಗಿ ಏನಾದರೂ ಮಾಡಬೇಕು ಎನ್ನುವುದು ಅವನ ಆಸೆ. ಊರಿನ ಮೃಗಾಲಯದಲ್ಲಿ ಒಂದು ಹೆಣ್ಣು ಮಂಗಟ್ಟೆ ಹಕ್ಕಿ ಇತ್ತು. ಮಂಗಟ್ಟೆ ಗೊತ್ತಲ್ಲ? ಹದ್ದಿಗಿಂತ ದೊಡ್ಡದು. ಬಾಗಿದ ಹಳದಿ ಕೊಕ್ಕು, ಆ ಕೊಕ್ಕಿನ ಮೇಲೆ ಕಿರೀಟ ಇಟ್ಟ ಹಾಗೆ ಇನ್ನೊಂದು ಉಬ್ಬು. ಮರಿಯಾಗಿದ್ದಾಗ ಯಾರೋ ಕಾಡಿನಿಂದ ಕದ್ದು ಸಾಗಿಸುತ್ತಿದ್ದರು. ಅವರ ಕೈಯಿಂದ ಬಿಡಿಸಿ ತಂದ ಹಕ್ಕಿ. ರೆಕ್ಕೆಗೆ ಪೆಟ್ಟು ಬಿದ್ದು ದೂರ ಹಾರಲಾರದು, ಹಾಗಾಗಿ ಕಾಡಿಗೆ ಬಿಡುವಂತಿಲ್ಲ. ಒಂಟಿ ಕುಳಿತಿದ್ದ ಅದನ್ನು ನೋಡಿ ಸಾಹುಕಾರನ ಮನಸ್ಸು ಕರಗಿತು. ದತ್ತು ತೆಗೆದುಕೊಂಡ. ಎರಡಾಳೆತ್ತರದ ಹೊಸ ಪಂಜರ ಕಟ್ಟಿಸಿಕೊಟ್ಟ. ದೂರದ ಇನ್ನೊಂದು ಮೃಗಾಲಯದಿಂದ ಗಂಡು ಹಕ್ಕಿಯನ್ನೂ ತರಿಸಲಾಯಿತು. ಎಂಥ ಗಂಡು! ಬೆಣ್ಣೆ ಹಚ್ಚಿದ ಹಾಗೆ ಹೊಳೆಯುವ ಕೊಕ್ಕು, ಕೆಂಪು ಕಣ್ಣು, ಮದುವಣಿಗನ ಠೀವಿ.

‘ನನ್ನ ಅರವತ್ತರ ದಿನಕ್ಕೆ ಮರಿ ಆಗ್ಬೇಕು. ಅವತ್ತೇ ಅದಕ್ಕೆ ನಾಮಕರಣ’ ಎಂದ ಸಾಹುಕಾರ.

ಮೃಗಾಲಯದ ಡಾಕ್ಟರಮ್ಮ ನಕ್ಕಳು. ‘ಮರಿ ಹುಟ್ಸೋದು ದೊಡ್ಡ ವಿಷಯ ಅಲ್ಲ ಸಾಹುಕಾರ್ರೆ. ಹುಟ್ಟಿದ್ದಕ್ಕೆ ಜಾಗ ಬೇಕಲ್ಲ? ಆ ಜಿಂಕೆ ಅಂಗಳ ನೋಡಿ. ಜನ ಖುಷಿಪಡ್ತಾರೆ ಅಂತ ಮರಿ ಆಗಕ್ಕೆ ಬಿಟ್ವಿ, ಬಿಟ್ವಿ. ಈಗ ನಿಲ್ಲೋಕೆ ನೆರಳಿಲ್ಲ. ಈ ಹಕ್ಕಿ ಮರಿ ಮಾಡಿದ್ರೆ ಅದು ಎಲ್ಲಿಗೆ ಹೋಗತ್ತೆ ಅನ್ನೋದು ಮೊದಲು ಗಟ್ಟಿ ಆಗ್ಲಿ.’

ಅವಳು ಸುಮ್ಮನೆ ಕೂರಲಿಲ್ಲ. ಅರಣ್ಯ ಇಲಾಖೆಗೆ ಬರೆದಳು. ಆಲ, ಅತ್ತಿ ಬೇಕಾದಷ್ಟಿದ್ದು ಮಂಗಟ್ಟೆಗಳೇ ಇಲ್ಲವಾದ ಒಂದು ಕಾಡು ಗೊತ್ತಾಯಿತು. ಮರಿ ಆದರೆ, ಮನುಷ್ಯರ ಕೈಗೆ ಒಗ್ಗದೆ ಬೆಳೆದರೆ, ಅಲ್ಲಿಗೆ ಬಿಡುವುದೆಂದು ಒಪ್ಪಿಗೆ ಬಂತು. ಆಮೇಲೆಯೇ ಪಂಜರದಲ್ಲಿ ಒಂದು ಪೊಳ್ಳು ದಿಮ್ಮಿ ಇಟ್ಟರು, ಗೂಡಿಗೆಂದು.

ಆ ಹಕ್ಕಿಗಳನ್ನು ನೋಡಿಕೊಳ್ಳುವವಳು ಚೆನ್ನಾಜಮ್ಮ. ಗಂಡ ಅಲ್ಲಿಯೇ ಪ್ರಾಣಿ ಪಾಲಕನಾಗಿದ್ದು ತೀರಿಕೊಂಡ ಮೇಲೆ ಅವನ ಕೆಲಸಕ್ಕೆ ಬಂದವಳು. ಹದಿನಾಲ್ಕು ವರ್ಷದಿಂದ ಹಕ್ಕಿಗಳಿಗೆ ಪರಂಗಿ ಹಣ್ಣು ಹೆಚ್ಚಿ ಹೆಚ್ಚಿ ಅವುಗಳ ಮುಖ ನೋಡಿಯೇ ಹಸಿವೋ ಜ್ವರವೋ ಎಂದು ಹೇಳಬಲ್ಲವಳು.

ಸಾಹುಕಾರ ಪ್ರತಿ ಭಾನುವಾರ ಬರುತ್ತಿದ್ದ. ಕಾರಿನ ಬಾಗಿಲು ಹಾಕುವ ಮೊದಲೇ ಕೇಳುತ್ತಿದ್ದ. ‘ಏನಮ್ಮಾ, ಆಯ್ತಾ?’

‘ಇನ್ನೂ ಇಲ್ಲ ಸಾವ್ಕಾರ್ರೆ.’

ಮುಂದಿನ ಭಾನುವಾರ, ‘ಆಯ್ತಾ?’ ಅದರ ಮುಂದಿನ ಭಾನುವಾರ, ‘ಆಯ್ತಾ?’ ಆರು ತಿಂಗಳು ಹೀಗೇ. ಆ ಹೆಣ್ಣೋ, ಮದುವಣಿಗನ ಕಡೆ ತಿರುಗಿಯೂ ನೋಡಲಿಲ್ಲ. ಅವನು ಎಡಕ್ಕೆ ಬಂದರೆ ಇವಳು ಬಲಕ್ಕೆ. ಜನ ಗುಂಪು ಕಟ್ಟಿ ನಿಂತು ಸೀಟಿ ಹೊಡೆದರೆ ಬೆನ್ನು ತಿರುಗಿಸಿ ಮೂಲೆಯಲ್ಲಿ ಕೂತುಬಿಡುವಳು.

‘ಇಂಥ ಗಂಡು ಎಲ್ಲಿ ಸಿಕ್ತಾನೆ ಇವಳಿಗೆ? ಜೋಡಿ ಮಾಡಿ ಕೊಟ್ಟಿದ್ದೀವಿ, ಇನ್ನೇನು ಬೇಕಂತೆ?’ ಎಂದು ಸಾಹುಕಾರ ರೇಗಿದ.

‘ಜೋಡಿ ಅಂತ ನಾವಂದ್ರೆ ಆಯ್ತದಾ? ಅವ್ಳು ಅನ್ಬೇಕಲ್ವಾ?’ ಎಂದಳು ಚೆನ್ನಾಜಮ್ಮ. ಆಮೇಲೆ ದನಿ ತಗ್ಗಿಸಿ, ‘ಅವ್ಳ ಮನಸ್ಸಿರೋದು ಪಕ್ಕದ್ಮನೇಲಿ’ ಎಂದಳು.

ಪಕ್ಕದ ಪಂಜರ ಪೆಟ್ಟು ಬಿದ್ದ ಹಕ್ಕಿಗಳದು. ಅಲ್ಲೊಂದು ಗಂಡು ಮಂಗಟ್ಟೆ ಇತ್ತು. ಕರೆಂಟು ತಂತಿಗೆ ಬಡಿದು ಕೊಕ್ಕಿನ ತುದಿ ಮುರಿದಿತ್ತು. ಹಣ್ಣು ಕಚ್ಚಿದರೆ ಜಾರುತ್ತಿತ್ತು. ನಮ್ಮ ಹೆಣ್ಣು ದಿನವಿಡೀ ಆ ಕಡೆಯ ತಂತಿ ಬಲೆಗೆ ಅಂಟಿಕೊಂಡೇ ಕೂತಿರುತ್ತಿತ್ತು.

‘ಮೂತಿ ಮುರ್ಕನ್ಗಾ?’ ಎಂದು ಸಾಹುಕಾರ ಬಾಯಿ ಬಿಟ್ಟ. ಡಾಕ್ಟರಮ್ಮ ಸಮಾಧಾನ ಹೇಳಿದಳು, ಪೆಟ್ಟು ಬಿದ್ದು ಮುರಿದ ಕೊಕ್ಕು ಮರಿಗೆ ಬರುವುದಿಲ್ಲ ಎಂದು. ಚಂದದ ಗಂಡನ್ನು ಬೇರೆ ಪಂಜರಕ್ಕೆ ಕಳಿಸಿ, ಮುರಿದ ಕೊಕ್ಕಿನವನನ್ನು ಒಳಗೆ ಬಿಟ್ಟರು. ಅವನು ನೇರವಾಗಿ ಅತ್ತಿಹಣ್ಣಿನ ತಟ್ಟೆಗೆ ಹೋದ. ಒಂದು ಹಣ್ಣು ಕಚ್ಚಿ ಅವಳ ಬಳಿ ಬಂದ. ಹಣ್ಣು ಜಾರಿ ಕೆಳಗೆ ಬಿತ್ತು. ಮತ್ತೆ ಹೋದ, ಮತ್ತೆ ತಂದ, ಮತ್ತೆ ಬಿತ್ತು. ನೋಡುತ್ತಿದ್ದವರೆಲ್ಲ ನಕ್ಕರು. ಆದರೆ ಅವಳು ಕದಲಲಿಲ್ಲ, ಕಾದಳು. ಮೂರನೆಯ ಹಣ್ಣಿಗೆ ತಾನೇ ಕತ್ತು ಚಾಚಿ, ಬೀಳುವ ಮೊದಲೇ ಅವನ ಕೊಕ್ಕಿನಿಂದ ತೆಗೆದುಕೊಂಡಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳಂತೆ ಚೆನ್ನಾಜಮ್ಮ.

ಎರಡು ತಿಂಗಳಲ್ಲಿ ಅವಳು ದಿಮ್ಮಿಯ ಪೊಟರೆಯೊಳಗೆ ಹೊಕ್ಕಳು. ಹೊಕ್ಕು ಏನು ಮಾಡಿದಳು ಗೊತ್ತೇ? ಬಾಗಿಲಿಗೆ ತಾನೇ ಗೋಡೆ ಕಟ್ಟಿಕೊಂಡಳು! ಮಂಗಟ್ಟೆಗಳ ಪದ್ಧತಿಯೇ ಅದು. ಮಣ್ಣು, ಹಣ್ಣಿನ ತಿರುಳು, ತನ್ನ ಹಿಕ್ಕೆ ಎಲ್ಲ ಮೆತ್ತಿ ಮೆತ್ತಿ ಬಾಗಿಲು ಮುಚ್ಚುತ್ತದೆ. ಒಂದು ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಡುತ್ತದೆ. ತಿಂಗಳುಗಟ್ಟಲೆ ಹೆಣ್ಣು ಒಳಗೆ. ಗಂಡು ಹೊರಗಿನಿಂದ ಉಣಿಸಬೇಕು. ಚೆನ್ನಾಜಮ್ಮ ತಡಮಾಡದೆ ಪಂಜರದ ಸುತ್ತ ಬಿದಿರು ತಟ್ಟಿ ಕಟ್ಟಿಸಿದಳು. ಬಂದ ಜನಕ್ಕೆ ತಟ್ಟಿ ಮಾತ್ರ ಕಾಣುತ್ತಿತ್ತು.

ಸಾಹುಕಾರನ ಹಬ್ಬಕ್ಕೆ ಇನ್ನು ಒಂದೂವರೆ ತಿಂಗಳು. ಆಮಂತ್ರಣ ಪತ್ರಿಕೆ ಅಚ್ಚಾಗಿಬಿಟ್ಟಿತ್ತು. ಅದರಲ್ಲಿ ಏನಿತ್ತು? ‘ನವಜಾತ ಮಂಗಟ್ಟೆ ಮರಿಯ ನಾಮಕರಣ’! ಮೊಟ್ಟೆ ಒಡೆದಿದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಮರಿಗೆ ಹೆಸರು ಮಾತ್ರ ತಯಾರು.

ಒಂದು ಬೆಳಿಗ್ಗೆ ಟಾರ್ಚು ಹಿಡಿದು, ಜೊತೆಗೆ ಫೋಟೋದವನನ್ನು ಕರೆದುಕೊಂಡು ಬಂದೇ ಬಂದ. ‘ಆ ಸೀಳನ್ನ ಎರಡು ಬೆರಳಷ್ಟು ಅಗಲ ಮಾಡಮ್ಮ. ಒಂದು ಸಲ ಇಣುಕಿ ನೋಡಿ ಹೋಗ್ತೀನಿ.’

ಚೆನ್ನಾಜಮ್ಮ ಪಂಜರದ ಬಾಗಿಲಿಗೆ ಅಡ್ಡ ನಿಂತಳು. ‘ಆಗಲ್ಲ ಸಾವ್ಕಾರ್ರೆ.’

‘ಯಾಕಾಗಲ್ಲ? ನಾನು ಕಟ್ಸಿದ ಮನೆ!’

‘ಮನೆ ನೀವೇ ಕಟ್ಸಿದ್ದು. ಆ ಗ್ವಾಡೆ ಅವ್ಳು ಕಟ್ಟಿದ್ದು.’

ಸಾಹುಕಾರನ ಮುಖ ಕೆಂಪಾಯಿತು. ಒಂದು ಮಾತು ಮೇಲಿನವರಿಗೆ ಹೇಳಿದರೆ ಅವಳ ಕೆಲಸಕ್ಕೇ ಕುತ್ತು. ಅದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ಆದರೂ ಅವಳು ಕದಲಲಿಲ್ಲ. ‘ಒಳಗಡೆ ಅವ್ಳ ರೆಕ್ಕೆ ಗರಿ ಎಲ್ಲ ಉದುರೋಗಿರ್ತವೆ ಸಾವ್ಕಾರ್ರೆ. ಹೊಸ ಗರಿ ಬರೋಗಂಟ ಅವ್ಳಿಗೆ ಹಾರಕ್ಕಿಲ್ಲ, ತಪ್ಪಿಸ್ಕೊಳ್ಳಕ್ಕಿಲ್ಲ. ಅಂಥ ಹೊತ್ನಲ್ಲಿ ಗ್ವಾಡೆ ಒಡುದ್ರೆ ಅವ್ಳು ಹೆದ್ರಿ ಮೊಟ್ಟೇನೇ ತುಳ್ದಾಳು. ಬನ್ನಿ, ಈ ತಟ್ಟಿ ಹಿಂದ್ಗಡೆ ಒಂದು ಗಂಟೆ ಕುಂತ್ಕಳಿ. ಮಾತಾಡ್ಬ್ಯಾಡಿ. ಆಮೇಲೂ ಒಡೀಬೇಕು ಅನ್ಸಿದ್ರೆ ನನ್ ಕೇಳಿ.’

ಅವಳು ಒಂದು ಬಕೆಟ್ ಬೋರಲು ಹಾಕಿದಳು. ಊರಿನ ದೊಡ್ಡ ಸಾಹುಕಾರ ಬಕೆಟ್ಟಿನ ಮೇಲೆ ಕೂತ! ಫೋಟೋದವನು ಚಹಾ ಕುಡಿಯಲು ಹೋದ. ತಟ್ಟಿಯ ಸಂದಿನಿಂದ ಸಾಹುಕಾರ ನೋಡಿದ.

ಮುರಿದ ಕೊಕ್ಕಿನವನು ಬಂದ. ಗಂಟಲಲ್ಲಿ ತುಂಬಿಕೊಂಡು ತಂದ ಹಣ್ಣುಗಳನ್ನು ಒಂದೊಂದಾಗಿ ಹೊರತೆಗೆದು ಸೀಳಿಗೆ ಹಿಡಿದ. ಒಂದು ಒಳಗೆ ಹೋಯಿತು. ಒಂದು ಜಾರಿ ಬಿತ್ತು. ಇಳಿದು ಹೆಕ್ಕಿಕೊಂಡ, ಹತ್ತಿ ಬಂದ. ಮತ್ತೆ ಬಿತ್ತು, ಮತ್ತೆ ಇಳಿದ. ಒಳಗಿನಿಂದ ಹಳದಿ ಕೊಕ್ಕಿನ ತುದಿ ಮಾತ್ರ ಕಾಣುತ್ತಿತ್ತು. ಒಂದು ಗಂಟೆಯಲ್ಲಿ ಅವನು ಎಷ್ಟು ಸಲ ಬಂದನೋ! ಆದರೆ ಸೀಳಿಗೆ ಕಣ್ಣಿಟ್ಟು ಒಂದು ಸಲವೂ ಇಣುಕಲಿಲ್ಲ. ಹಣ್ಣು ಕೊಟ್ಟ, ಹೋದ. ಕೊಟ್ಟ, ಹೋದ.

ಸಾಹುಕಾರ ಮೆಲ್ಲಗೆ ಕೇಳಿದ. ‘ಇಷ್ಟೆಲ್ಲಾ ಮಾಡಿ, ಕೊನೆಗೆ ಮರಿ ಆಗದಿದ್ರೆ?’

ಚೆನ್ನಾಜಮ್ಮ ಅವನ ಮುಖವನ್ನೇ ನೋಡಿದಳು. ‘ಆಗ್ದಿದ್ರೆ ಹಕ್ಕಿ ಇರ್ತದಲ್ಲ ಸಾವ್ಕಾರ್ರೆ. ಹಕ್ಕಿ ಸಾಲ್ದಾ?’

ನೋಡಿ, ಕೆಲವು ಮಾತು ಕಿವಿಗೆ ಬೀಳುತ್ತವೆ, ಕೆಲವು ಎದೆಗೆ ಬೀಳುತ್ತವೆ. ಸಾಹುಕಾರನಿಗೆ ಮನೆ ನೆನಪಾಯಿತು. ಮನೆಯಲ್ಲಿ ಸೊಸೆ. ಮದುವೆಯಾಗಿ ನಾಲ್ಕು ವರ್ಷ. ನಾಲ್ಕು ವರ್ಷದಲ್ಲಿ ಅವನು ಹೊತ್ತುಕೊಳ್ಳದ ಹರಕೆಯಿಲ್ಲ, ತೋರಿಸದ ಜಾತಕವಿಲ್ಲ. ಊರಿನಿಂದ ಬಂದ ಸೋದರತ್ತೆ, ಚಿಕ್ಕಮ್ಮ ಎಲ್ಲರೂ ಅವಳನ್ನು ಸುತ್ತುವರಿದು ಕೂರುವರು. ಮೊದಲು ನಗುನಗುತ್ತಾ ಓಡಾಡುತ್ತಿದ್ದ ಹುಡುಗಿ, ಈಗ ನೆಂಟರು ಬಂದರೆ ಕೋಣೆ ಸೇರಿ ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಾಳೆ. ಆ ಬೆನ್ನು ಈಗ ಅವನ ಕಣ್ಣಿಗೆ ಕಟ್ಟಿತು. ಬಕೆಟ್ಟಿನ ಮೇಲೆ ಕೂತೇ ಅತ್ತ. ಚೆನ್ನಾಜಮ್ಮ ಹೆಚ್ಚಿಟ್ಟ ಪರಂಗಿಯಲ್ಲಿ ಒಂದು ಹೋಳು ಅವನ ಕೈಗೂ ಕೊಟ್ಟಳು.

ಮಧ್ಯಾಹ್ನ ಮನೆಗೆ ಬಂದವನೇ ಸೊಸೆಯ ಕೋಣೆಯ ಬಾಗಿಲ ಹೊರಗೆ ನಿಂತ. ‘ಅಮ್ಮಾ, ನಾಡಿದ್ದು ವೈದ್ಯರ ಹತ್ರ ಹೋಗೋದಿತ್ತಲ್ಲ, ಅದು ಬೇಡ. ನಿಂಗೆ ಹೋಗ್ಬೇಕು ಅನ್ಸಿದ್ರೆ ನೀನೂ ನನ್ನ ಮಗನೂ ಹೋಗಿ, ಇಲ್ಲದಿದ್ರೆ ಇಲ್ಲ. ನಾನಿನ್ನು ಕೇಳಲ್ಲ. ನೀನಿದ್ದೀಯಲ್ಲ, ಸಾಕು.’

ಸೊಸೆ ಗಾಬರಿಯಾಗಿ ಓಡಿದಳು. ಎಲ್ಲಿಗೆ? ಅತ್ತೆಯ ಬಳಿಗೆ! ‘ಅತ್ತೇ, ಮಾವನಿಗೆ ಹುಷಾರಿಲ್ಲ ಅನ್ಸತ್ತೆ, ಏನೇನೋ ಮಾತಾಡ್ತಿದ್ದಾರೆ!’ ಅತ್ತೆ ಬಂದು ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ.

ಹಬ್ಬದ ದಿನ ನೆಂಟರೆಲ್ಲ ಮರಿ ನೋಡಲು ಮೃಗಾಲಯಕ್ಕೆ ಬಂದರು. ಸಾಹುಕಾರ ತಟ್ಟಿಯ ಮುಂದೆ ನಿಂತು ಕೈ ಮುಗಿದ. ‘ಇದರ ಹಿಂದೆ ಹಕ್ಕಿಗಳಿವೆ. ಚೆನ್ನಾಗಿವೆ. ನೋಡೋಕಾಗಲ್ಲ. ನಡೀರಿ, ಹೋಳಿಗೆ ಆರೋಗತ್ತೆ.’ ಕೆಲವರು ಗೊಣಗಿದರು. ಹೋಳಿಗೆ ತಿಂದ ಮೇಲೆ ಗೊಣಗಾಟ ನಿಂತಿತು. ಸೊಸೆ ಅವತ್ತು ಬಡಿಸಲು ನಿಂತಿದ್ದಳು, ನೆಂಟರ ನಡುವೆಯೇ.

ಅದಾಗಿ ಒಂದೂವರೆ ತಿಂಗಳಿಗೆ ಗೋಡೆ ಒಳಗಿನಿಂದ ಒಡೆಯಿತು. ಹೊಸ ಗರಿ ಹೊತ್ತು ತಾಯಿ ಹೊರಬಂತು. ಇನ್ನೂ ಕೆಲವು ವಾರ ಕಳೆದ ಮೇಲೆ ಒಂದು ಮರಿ ತಲೆ ಹೊರಗಿಟ್ಟು, ಜಗತ್ತು ಇಷ್ಟೇನಾ ಎಂಬಂತೆ ನೋಡಿತು. ಯಾರೂ ಅದಕ್ಕೆ ಹೆಸರಿಡಲಿಲ್ಲ, ಯಾರೂ ಮುಟ್ಟಲಿಲ್ಲ. ಸರಿಯಾಗಿ ಹಾರಲು, ಹಣ್ಣು ಹುಡುಕಲು ಕಲಿತ ಮೇಲೆ ಅದನ್ನು ಆ ಕಾಡಿಗೆ ಬಿಟ್ಟರು. ಸಾಹುಕಾರನೂ ಹೋಗಿದ್ದ. ಅದು ಹಾರಿತು, ಒಂದು ಸಲವೂ ಹಿಂದಿರುಗಿ ನೋಡಲಿಲ್ಲ. ಸಾಹುಕಾರ ಚಪ್ಪಾಳೆ ತಟ್ಟಿದ. ಮತ್ತೆ ಮೃಗಾಲಯದ ಅಧಿಕಾರಿ, ‘ಬರೋ ವರ್ಷ ಇನ್ನೆರಡು ಮರಿ ಮಾಡಿಸೋಣ, ಜನ ಬರ್ತಾರೆ’ ಎಂದಾಗ, ‘ಜನಕ್ಕೋಸ್ಕರ ಬೇಡ ಸಾರ್’ ಎಂದವನು ಯಾರು? ಇದೇ ಸಾಹುಕಾರ.

ಕಥೆ ಮುಗಿಯಿತು. ಆದರೆ ನಿಮಗೆ ಮುಗಿದಿಲ್ಲ, ನನಗೆ ಗೊತ್ತು. ನಿಮ್ಮ ತುಟಿಯ ಮೇಲೆ ಒಂದು ಪ್ರಶ್ನೆ ಕುಣಿಯುತ್ತಿದೆ. ‘ಆ ಸೊಸೆಗೆ ಮಗು ಆಯ್ತಾ?’ ಹೌದೋ ಅಲ್ಲವೋ? ಆ ಕಂಬದ ಹತ್ತಿರ ಕೂತ ತಾಯಿ ಬಾಯಿಬಿಟ್ಟು ಕೇಳಿಯೇಬಿಟ್ಟರು! ಇಷ್ಟು ಹೊತ್ತು ಸಾಹುಕಾರನನ್ನು ನೋಡಿ ನಕ್ಕಿರಿ. ಈಗ ಟಾರ್ಚು ಯಾರ ಕೈಯಲ್ಲಿದೆ?

ನಾನು ಹೇಳುವುದಿಲ್ಲ. ಅದು ಅವರ ಮನೆಯ ವಿಷಯ. ನಿಮಗೂ ಬೇಡ, ನನಗೂ ಬೇಡ.

ನೋಡಿ, ಮದುವೆ ಮನೆಗೆ ಹೋಗುತ್ತೀರಿ. ಹೋದ ವರ್ಷ ಮದುವೆಯಾದ ಹುಡುಗಿ ಎದುರಿಗೆ ಬರುತ್ತಾಳೆ. ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ? ಅವಳ ಮುಖಕ್ಕೋ, ಹೊಟ್ಟೆಗೋ? ‘ಏನಮ್ಮಾ, ವಿಶೇಷ ಏನಾದ್ರೂ ಇದ್ಯಾ?’ ಅಕ್ಕರೆಯಿಂದಲೇ ಕೇಳುತ್ತೀರಿ, ಒಪ್ಪಿದೆ. ಆದರೆ ಹತ್ತು ಜನ ಅಕ್ಕರೆಯಿಂದ ಕೇಳಿದರೆ ಹನ್ನೊಂದನೆಯವರು ಬರುವ ಹೊತ್ತಿಗೆ ಆ ಹುಡುಗಿ ಹಿಂಬಾಗಿಲಿನಿಂದ ಹೊರಗೆ ಹೋಗಿರುತ್ತಾಳೆ. ಮಗು ದೇವರು ಕೊಟ್ಟರೆ ಸಂತೋಷ. ಕೊಡದಿದ್ದರೆ ಅವಳೇನು ಅರ್ಧ ಮನುಷ್ಯಳೇ? ಗಂಡಸರೇ, ನೀವು ಬಚಾವಾಗಬೇಡಿ. ಅಳಿಯನ ಬೆನ್ನು ತಟ್ಟಿ ‘ಏನಪ್ಪಾ ಇನ್ನೂ ಇಲ್ವಾ’ ಎನ್ನುವವರು ನೀವೇ. ಮಕ್ಕಳನ್ನು ಮೃಗಾಲಯಕ್ಕೆ ಕರೆದುಕೊಂಡು ಹೋಗಿ ಪಂಜರ ಬಡಿದು ‘ಮರಿ ಎಲ್ಲಿ, ಮರಿ ತೋರ್ಸಿ’ ಎಂದು ಕೂಗುವವರೂ ನೀವೇ. ಅಲ್ಲಿ ಮುಚ್ಚಿದ ಪಂಜರ ಕಂಡರೆ ಬೈಯಬೇಡಿ, ಒಳಗಿರುವ ಜೀವಕ್ಕೆ ನೆಮ್ಮದಿ ಸಿಕ್ಕಿತಲ್ಲ ಎಂದುಕೊಂಡು ಮುಂದೆ ಹೋಗಿ.

ಇವತ್ತಿನಿಂದ ಒಂದೇ ಒಂದು ಬದಲಾವಣೆ ಮಾಡಿಕೊಳ್ಳಿ, ದೊಡ್ಡದೇನಲ್ಲ. ಈಗ ಎದ್ದು ಪ್ರಸಾದಕ್ಕೆ ಹೋಗುತ್ತೀರಿ. ಪಂಕ್ತಿಯಲ್ಲಿ ನಿಮ್ಮ ಪಕ್ಕಕ್ಕೆ ಅಂಥ ಒಬ್ಬ ಹೆಣ್ಣುಮಗಳು ಕೂರಬಹುದು. ನಾಲಿಗೆ ತುದಿಗೆ ಬಂದ ಪ್ರಶ್ನೆಯನ್ನು ಅನ್ನದ ಜೊತೆ ನುಂಗಿಬಿಡಿ. ಅವಳ ಎಲೆ ನೋಡಿ. ಸಾರು ಕಮ್ಮಿಯಿದ್ದರೆ ಬಡಿಸುವವರನ್ನು ಕರೆಯಿರಿ.