ಸೇಬಿನ ನಡುವೆ ಒಂದು ತೂತು

...ಅಯ್ಯೋ, ಅದರ ಮೇಲೆ ಬೇಡ ಕಣಮ್ಮ, ಆ ಸ್ಟೂಲಿನ ಒಂದು ಕಾಲು ಗಿಡ್ಡ! ಈ ಕಡೆ ಕೂತ್ಕೋ. ಬಾಗಿಲು ಹಾಗೇ ತೆರೆದಿರಲಿ, ಒಳಗೆ ಅವರು ಕೆಮ್ಮಿದರೆ ಕೇಳಬೇಕಲ್ಲ. ಈಗ ನಮ್ಮನೆಯವರ ಮಾತು ಅಂದರೆ ಕೆಮ್ಮೊಂದೇ... ಎಲ್ಲಿಗೆ ನಿಲ್ಲಿಸಿದ್ದೆ? ಹಾಂ, ಬಣ್ಣದಂಗಡಿಯವನ ಹೆಂಡತಿ! ಡಬ್ಬ ಇಳಿಸೋಕೆ ಬರ್ತಿದ್ದ ವ್ಯಾನ್ ಡ್ರೈವರ್ ಜೊತೆ ಹೋದಳಲ್ಲ, ವಾಪಸ್ ಬಂದಿದ್ದಾಳೆ. ಹೊಸ ಸೂಟ್‌ಕೇಸ್ ಬೇರೆ! ಗಂಡ ಏನು ಮಾಡಿದ ಹೇಳು? ಬೈದನಾ? ಹೊಡೆದನಾ? ಮನೆ ಗೇಟಿಗೆ ಹೊಸ ಬಣ್ಣ ಬಳಿದ! ಹಸಿರು! ಯಾಕೆ ನಗ್ತೀಯಾ, ನಾನೇ ಕಣ್ಣಾರೆ ನೋಡಿದ್ದು. ಆ ಬಣ್ಣ ಒಣಗೋದಕ್ಕೆ ಮುಂಚೆ ಬೀದಿಯ ಆ ತುದಿಗೂ ಈ ತುದಿಗೂ ಸುದ್ದಿ ಮುಟ್ಟಿಸಿದೆ. ಕೆಲಸ ಅಂದಮೇಲೆ ಅಚ್ಚುಕಟ್ಟಾಗಿ ಮಾಡಬೇಕಪ್ಪ.

ಸರಿ, ಸೇಬು ತಗೋ. ತೊಳೆದು ಒರೆಸಿಟ್ಟಿದ್ದೀನಿ. ಬಾದಾಮಿ ಪುಡಿ ಈ ಡಬ್ಬದಲ್ಲಿ, ಕೊಬ್ಬರಿ ತುರಿ ಅದರಲ್ಲಿ. ಬೆಣ್ಣೆ ಇಲ್ಲಿ, ಚಕ್ಕೆ ಪುಡಿ ಇಲ್ಲಿ. ಹಿಟ್ಟು ಮಾತ್ರ ಯಾವುದೂ ಇಟ್ಟಿಲ್ಲ. ಗೋಧಿ, ಅಕ್ಕಿ, ಜೋಳ... ಧಾನ್ಯ ಅನ್ನೋದು ಅವರ ಹೊಟ್ಟೆಗೆ ಆಗಿಬರಲ್ಲ, ಎಷ್ಟೋ ವರ್ಷದಿಂದ. ಸಿಹಿಯೂ ಜಾಸ್ತಿ ಆಗಬಾರದು. ನಿನಗೆಲ್ಲಿ ಗೊತ್ತಿರುತ್ತೆ ಬಿಡು, ಬೇರೆ ಮನೆಯವಳು.

ಡಾಕ್ಟರಮ್ಮ ನಿನ್ನೆ ಬಂದಿದ್ದರು. "ಬಲವಂತ ಮಾಡಬೇಡಿ ಅಜ್ಜಿ, ಅವರಾಗಿ ಏನು ಕೇಳ್ತಾರೋ ಅದನ್ನ ಕೊಡಿ" ಅಂದರು. ನಾನು ಓದಿದ್ದು ಮೂರನೇ ಕ್ಲಾಸು, ಅದೂ ಅರ್ಧಂಬರ್ಧ. ಆದರೆ ಆ ಮಾತು ಅರ್ಥ ಆಗೋಕೆ ಅಷ್ಟು ಓದು ಸಾಕು.

ತರಕಾರಿ ಸೂಪು ಕುಡಿಯಲ್ಲ, ಹಾಲು ಕುಡಿಯಲ್ಲ, ಚಮಚ ತುಟಿಗೆ ಹಿಡಿದರೆ ಮುಖ ಆ ಕಡೆ. ಚಿಕ್ಕ ಮಗು ಮಾಡಿದ ಹಾಗೆ. ನಾನೂ ಗದರಿದೆ, ಬೇಡಿಕೊಂಡೆ, ಬಣ್ಣದಂಗಡಿ ಕಥೇನೂ ಹೇಳಿದೆ... ಊಹೂಂ! ಆಮೇಲೆ ಅವರೇ ಬಾಯಿಬಿಟ್ಟರು. ಏನಂದರು ಗೊತ್ತಾ? "ಆ ಸೇಬಿನದು ಕೊಡೇ." ಯಾವ ಸೇಬಿನದು? ಈ ಮನೆಯಲ್ಲಿ ಸೇಬನ್ನ ಹೆಚ್ಚಿ ತಿಂದಿದ್ದೀವೇ ಹೊರತು ಬೇಯಿಸಿದವರು ಯಾರು? ಮೇಲಿನ ಮನೆ ಹುಡುಗಿ ಮೊಬೈಲಿನಲ್ಲಿ ನೋಡಿ ಓದಿ ಹೇಳಿದಳು, ನಾನು ಮಾಡಿದೆ. ಹೊಂಬಣ್ಣಕ್ಕೆ ಬಂದಿತ್ತು, ಮನೆಯೆಲ್ಲ ಘಮಘಮ. ಒಂದು ಚೂರು ಬಾಯಿಗಿಟ್ಟುಕೊಂಡು, "ಇದಲ್ಲ" ಅಂದರು. ಇನ್ನೊಂದು ಸಲ ಮಾಡಿದೆ. "ಇದಲ್ಲ." ಅಷ್ಟೇ. ಕೋಪ ಇಲ್ಲ, ಏನಿಲ್ಲ. ಇದಲ್ಲ.

ಅದಕ್ಕೇ ನಿನಗೆ ಹೇಳಿ ಕಳಿಸಿದ್ದು. ಯಾರೋ ಅಂದರು, ಹಿಂದಿನ ಬೀದಿ ಟೈಲರಮ್ಮ ಸೇಬಿನದು ಚೆನ್ನಾಗಿ ಮಾಡ್ತಾಳೆ ಅಂತ. ಯಾರು ಅಂದರೋ... ಮರೆತೇ ಹೋಯ್ತು ನೋಡು. ವಯಸ್ಸಾಯ್ತು.

ಏಲಕ್ಕಿ ಹಾಕಲ್ವಾ? ಇಟ್ಟಿದ್ದೆನಲ್ಲ ಪಕ್ಕದಲ್ಲೇ. ಬೇಡ ಅಂತ ತಲೆ ಅಲ್ಲಾಡಿಸ್ತೀಯಲ್ಲ, ಯಾಕೆ? ಸರಿ ಸರಿ, ಬೇಡ. ನಮ್ಮನೆಯವರಿಗೂ ಅದರ ವಾಸನೆ ಸೇರಲ್ಲ. ನೋಡು, ಹೇಗೆ ಸರಿಹೋಯ್ತು!

ಬೀದಿಯವರೆಲ್ಲ ಬಂದು ಅವರನ್ನ ನೋಡಿಕೊಂಡು ಹೋದರು ಕಣಮ್ಮ. ಮಿಷನ್ ಮೇಷ್ಟ್ರು ಅಂದರೆ ಯಾರಿಗೆ ಬೇಡ? ಈ ಸುತ್ತಿನಲ್ಲಿ ಅವರು ಬಿಚ್ಚಿ ಜೋಡಿಸದ ಹೊಲಿಗೆ ಮಿಷನ್ನೇ ಇಲ್ಲ. ಔಷಧಿ ಅಂಗಡಿಯವಳು ಬಂದಳು, ಹಣ್ಣಿನ ನೆಪದಲ್ಲಿ ನನ್ನ ಅಡುಗೆಮನೆ ನೋಡೋಕೆ. ಬಣ್ಣದಂಗಡಿಯವನೂ ಬಂದ, ಪಾಪ. ನೀನೊಬ್ಬಳು ಬರಲಿಲ್ಲ. ಅಲ್ಲ, ಬರಲೇಬೇಕು ಅಂತೇನಿಲ್ಲ... ನಿನ್ನ ಮಿಷನ್ನು ವಾರವಾರ ಕೆಡ್ತಿತ್ತಲ್ಲ, ಗುರುವಾರ ಗುರುವಾರ? ಇವರು ಹಾಸಿಗೆ ಹಿಡಿದಮೇಲೆ ಹೇಗಿದೆ? ಚೆನ್ನಾಗಿ ಓಡ್ತಾ ಇದೆಯಾ?

ತಲೆ ಬಗ್ಗಿಸಿಕೊಂಡು ಹೆಚ್ಚಬೇಡ, ಬೆರಳು ಕೊಯ್ದುಕೊಂಡೀಯಾ.

ಓ, ಬಿಲ್ಲೆ ಬಿಲ್ಲೆ ಮಾಡೋದಾ ನೀನು? ನಾನು ತುಂಡು ಮಾಡಿದ್ದೆ. ಸಿಪ್ಪೆ ಸಮೇತ... ಸರಿ. ಬೀಜ ಹೇಗೆ ತೆಗೀತೀಯಾ ಮತ್ತೆ? ಏನದು ಸೊಂಟದ ಚೀಲದಿಂದ ತೆಗೆದಿದ್ದು? ಅಂಗುಸ್ತಾನ! ಸೂಜಿ ಚುಚ್ಚದ ಹಾಗೆ ಬೆರಳಿಗೆ ಹಾಕ್ಕೋತಾರಲ್ಲ, ಅದು. ಅದನ್ನ ಸೇಬಿನ ಬಿಲ್ಲೆ ನಡುವೆ ಇಟ್ಟು ಒತ್ತಿ... ಅಬ್ಬಾ, ಎಷ್ಟು ದುಂಡಗೆ ಬಂತು ತೂತು! ಗುಂಡಿ ಇಟ್ಟ ಹಾಗೆ ಒಂದೊಂದೂ...

ಇದಾ.

ಇದೇನಾ ಅದು.

ಏನಿಲ್ಲ, ನೀನು ಮಾಡು. ನಿನಗೆ ಹೇಳಿರಲಿಲ್ಲ. "ಇದಲ್ಲ" ಅಂದಾಗ ಎರಡು ಸಲವೂ ತಟ್ಟೆ ಮೇಲೆ ಬೆರಳಿಂದ ಸಣ್ಣದಾಗಿ ಒಂದು ಸುತ್ತು ಗೀಚಿದರು. ಇಷ್ಟೇ ಇಷ್ಟು. ಜ್ವರದ ಬುದ್ಧಿಗೆ ಏನೋ ಮಾಡ್ತಾರೆ ಅಂದುಕೊಂಡೆ. ಅದೇ ತೂತು ಹುಡುಕ್ತಾ ಇದ್ದರು ಮನುಷ್ಯ... ನನ್ನ ತಟ್ಟೆಯಲ್ಲಿ.

ನಿನ್ನ ಕೈ ಯಾಕೆ ನಿಂತುಹೋಯ್ತು? ಬೆಣ್ಣೆ ಕಲಸು, ಕರಗಿ ನೀರಾಗ್ತಿದೆ. ಬೆಲ್ಲ ಅಷ್ಟೇನಾ? ಚಿಟಿಕೆಯಷ್ಟು? ಸರಿ, ನಿನಗೇ ಗೊತ್ತು. ಮೇಲೆ ಉದುರಿಸು. ಹ್ಞೂಂ. ಕೊಡಿಲ್ಲಿ, ಓವನ್ ಒಳಗೆ ನಾನಿಡ್ತೀನಿ. ಅಷ್ಟಾದರೂ ನಾನು ಮಾಡ್ತೀನಿ.

ಬಾ, ಬೇಯೋವರೆಗೆ ಕೂತ್ಕೋ.

ಟೈಲರಮ್ಮ, ಈ ಬೀದಿಯಲ್ಲಿ ಬೇರೆ ಯಾರನ್ನಾದರೂ ಕರೆದು, ನೀನು ಇಂಥದ್ದು ಚೆನ್ನಾಗಿ ಮಾಡ್ತೀಯಂತೆ ಅಂದಿದ್ದರೆ ಮೊದಲು ಏನು ಕೇಳ್ತಿದ್ದರು? "ಯಾರು ಹೇಳಿದ್ದು?" ಅದನ್ನೇ ತಾನೇ? ನೀನು ಬಂದಾಗಿನಿಂದ ಕಾಯ್ತಾ ಇದ್ದೀನಿ. ಕೇಳಲೇ ಇಲ್ಲ ನೀನು. ಈಗ ಕೇಳು. ಕೇಳಮ್ಮ.

...ಕೇಳಲ್ಲ, ಅಲ್ವಾ?

ಯಾರೂ ಹೇಳಲಿಲ್ಲ ಕಣೇ. ಯಾರು ಹೇಳಬೇಕು ನನಗೆ? ಗುರುವಾರದ ಅಂಗಿ ಒಗೆದವಳು ನಾನು. ಮಿಷನ್ ಎಣ್ಣೆ ವಾಸನೆ ಮೇಲೆ ಚಕ್ಕೆ ವಾಸನೆ. ಜೇಬಿನ ಮೂಲೆಯಲ್ಲಿ ಬಾದಾಮಿ ಪುಡಿ. ರಾತ್ರಿ ಊಟಕ್ಕೆ ಕರೆದರೆ ಹೊಟ್ಟೆ ತುಂಬಿದೆ ಅನ್ನೋರು. ನಾನೋ, ಅವರ ಹೊಟ್ಟೆಗೆ ಆಗದ್ದು ಏನು ಅಂತ ಬಾಯಿಪಾಠ ಮಾಡಿಕೊಂಡಿದ್ದೆ, ಬೇಯಿಸಿದ ತರಕಾರಿ ತಟ್ಟೆಗೆ ಬಡೀತಿದ್ದೆ. ಆಗುವಂಥದ್ದು ಏನು ಅಂತ ಯೋಚನೆ ಮಾಡಿದವಳು ನೀನು.

ಬಣ್ಣದಂಗಡಿಯವಳ ಮಾನ ಬೀದಿಗೆ ಹರಡಿದ ಬಾಯಿ ಇದು. ನಿನ್ನ ವಿಷಯ ಗೋಡೆಗೂ ಹೇಳಲಿಲ್ಲ. ಹೊಟ್ಟೆಗೆ ಹಾಕ್ಕೊಂಡೆ. ಎಲ್ಲರೂ ನನ್ನ ಬಾಯಿಗೆ ಹೆದರ್ತಾರಲ್ಲ, ಅವರೆಲ್ಲರಿಗಿಂತ ಜಾಸ್ತಿ ಅದಕ್ಕೆ ಹೆದರಿದವಳು ನಾನು.

ಏಯ್, ಅಳಬೇಡ! ಅಳಬೇಡ ಅಂದೆ! ಈ ಮನೆಯಲ್ಲಿ ಮೊದಲು ಅಳಬೇಕಾದವಳು ನಾನು. ನಾನೇ ಇನ್ನೂ ಅತ್ತಿಲ್ಲ.

...ರಸ ಕುದಿಯೋ ಸದ್ದು ಕೇಳ್ತಾ? ಆಯ್ತು ಅನ್ಸುತ್ತೆ. ಬಟ್ಟೆ ಕೊಡು, ಬಿಸಿ. ಬಟ್ಟಲಿಗೆ ನೀನೇ ಹಾಕು. ತೂತು ಒಡೆಯದ ಹಾಗೆ, ನಿಧಾನ. ಚಿಕ್ಕ ಚಮಚ ತಗೋ, ಬಾಯಿ ಜಾಸ್ತಿ ತೆರೆಯೋಕಾಗಲ್ಲ ಅವರಿಗೆ.

ನನ್ನ ಕೈಗೆ ಯಾಕೆ ಕೊಡ್ತೀಯಾ? ನಾನು ಹೋಗಲ್ಲ. ನೀನು ಮಾಡಿದ್ದನ್ನೇ ನಾನು ತಿನ್ನಿಸಿ, ಅದಕ್ಕೂ "ಇದಲ್ಲ" ಅಂದುಬಿಟ್ಟರೆ? ಸೇಬಿಗೆ ಅಂದರೋ ನನಗೆ ಅಂದರೋ ಅಂತ ನಾನು ಯಾರನ್ನ ಕೇಳಲಿ? ಬೇಡಮ್ಮ. ನೀನೇ ಹೋಗು. ಬಲಗಡೆ ಕೋಣೆ. ದಿಂಬು ಸ್ವಲ್ಪ ಎತ್ತರ ಮಾಡಿ ಕೊಡು.

ನಾನು ಮುಂಬಾಗಿಲಲ್ಲಿ ಕೂತಿರ್ತೀನಿ. ಔಷಧಿ ಅಂಗಡಿಯವಳು ಇಣುಕಿದರೆ, ಟೈಲರಮ್ಮನ ಮಿಷನ್ ಕೆಟ್ಟಿದೆಯಂತೆ, ಏನು ಮಾಡಬೇಕು ಅಂತ ಮೇಷ್ಟ್ರನ್ನ ಕೇಳೋಕೆ ಬಂದಿದ್ದಾಳೆ ಅಂತೀನಿ. ಈ ಬೀದಿಯಲ್ಲಿ ನಾನು ಹೇಳಿದ್ದೇ ಸುದ್ದಿ ತಾನೇ.

ಹೋಗು, ಆರಿಹೋಗುತ್ತೆ. ಆಮೇಲೆ... ತಿಂದರಾ ಇಲ್ಲವಾ ಅಂತ ಬಂದು ನನಗೆ ಹೇಳಬೇಡ. ಬಟ್ಟಲು ತಂದು ಇಲ್ಲಿಡು, ಸಾಕು.