ಮದುವೆಯ ದಿನ ಸಿಕ್ಕಿದ ಎಲೆಕ್ಟ್ರಾನ್

ಮಾನ್ಯ ಅಧ್ಯಕ್ಷರೇ, ವೇದಿಕೆಯ ಹಿರಿಯರೇ, ಸಭಿಕರೇ, ನನಗೆ ಕಲಿಸಿದ ಸ್ಮರಾಂದಾ ಮೇಡಂ ಹೇಳಿದ್ದೇ ನಿಜವಾಯಿತು, ನಮ್ಮ ಲೋಹದ ಪರಮಾಣು ಎಲೆಕ್ಟ್ರಾನನ್ನು ಹಿಡಿದಿಟ್ಟುಕೊಳ್ಳುತ್ತದೆ! ಕ್ಷಮಿಸಿ, ಸ್ವಾಗತದ ಮಾತು ಮುಗಿಸಿ ಇದನ್ನು ಹೇಳಬೇಕೆಂದಿದ್ದೆ. ಹೊಸದಾಗಿ ಮದುವೆಯಾದವಳಿಂದ ಅಷ್ಟು ತಾಳ್ಮೆ ನಿರೀಕ್ಷಿಸಬಹುದೇ?

ಕ್ಲೋರಿನ್‌ಗೆ ಒಂದು ಎಲೆಕ್ಟ್ರಾನ್ ಕೊಡಿ, ಹಿಗ್ಗಿ ಶಕ್ತಿ ಚೆಲ್ಲುತ್ತದೆ. ನೈಟ್ರೋಜನ್ ಬಾಗಿಲೇ ತೆರೆಯುವುದಿಲ್ಲ. ನಮ್ಮ ಲೋಹ? ಪ್ರಬಂಧ ಅಚ್ಚಾಗುವವರೆಗೆ ಅದರ ಹೆಸರು ಹೇಳುವಂತಿಲ್ಲ. ಎಲೆಕ್ಟ್ರಾನ್ ಬಂದರೆ ಅದೂ ಚೂರು ಶಕ್ತಿ ಬಿಡುತ್ತದೆ ಎಂದು ಮೇಡಂ ಇದೇ ಸಭಾಂಗಣದಲ್ಲಿ ಹೇಳಿದಾಗ ನಕ್ಕವರು ಎಷ್ಟು ಜನ? "ನೀವು ಕಂಡಿದ್ದು ಲೋಹ ಅಲ್ಲ, ಹೈಡ್ರೋಜನ್ ಅಂಟಿಕೊಂಡ ಕಲಬೆರಕೆ," ಎಂದರು. ಮೇಡಂ ನಿವೃತ್ತರಾಗಿ ಟಿಮಿಶೋರಾಕ್ಕೆ ಹೋದವರು ಮತ್ತೆ ನಮ್ಮ ಈ ಕ್ಲುಜ್ ಊರಿನ ಕಡೆ ತಲೆಹಾಕಲಿಲ್ಲ. ಇದನ್ನು ಅಳೆಯಲು ಅವರು ಕಟ್ಟಿದ್ದ ಲೇಸರ್ ಯಂತ್ರವನ್ನೂ ಬಿಚ್ಚಿಹಾಕಲು ತೀರ್ಮಾನವಾಯಿತು. ನನ್ನ ಮದುವೆ ಶನಿವಾರ, ಬಿಚ್ಚುವುದು ಸೋಮವಾರ.

ಮದುವೆಯ ದಿನ ಗೆಳೆಯರು ತಮಾಷೆಗೆ ವಧುವನ್ನು ಕದ್ದು, ಗಂಡನಿಂದ ಏನಾದರೂ ಕಿತ್ತುಕೊಂಡು ಬಿಡುವುದು ನಮ್ಮಲ್ಲಿ ಇದ್ದದ್ದೇ. ಊಟಕ್ಕೆ ಮೊದಲೇ ನಮ್ಮ ಲ್ಯಾಬಿನ ತಿಬೇರಿಯು ಗೆಳೆಯರ ಜೊತೆ ಸೇರಿ ನನ್ನನ್ನು ಕಾರಿಗೆ ತುಂಬಿದ.

"ಎಲ್ಲಿಗೋ?"

"ಲ್ಯಾಬಿಗೆ ಕಣೇ. ನಿನ್ ಗಂಡ ಊರಿನ ಬಾರೆಲ್ಲ ಹುಡುಕ್ಲಿ."

ಕೊನೆಯ ಸಲವೆಂದು ಅವನು ಬೆಳಿಗ್ಗೆ ಯಂತ್ರ ಚಾಲೂ ಮಾಡಿಟ್ಟಿದ್ದ. ಸುಮ್ಮನೆ ಕೂರುವುದು ನನ್ನಿಂದಾದೀತೇ? ಕಲಬೆರಕೆ ತನ್ನ ಎಲೆಕ್ಟ್ರಾನನ್ನು ಬಿಗಿಯಾಗಿ ಹಿಡಿದಿರುತ್ತದೆ, ಕೆಂಪಿನಾಚೆಯ ಬಡಪಾಯಿ ಬೆಳಕಿಗೆ ಬಿಡುವುದಿಲ್ಲ. ಲೇಸರನ್ನು ಅಲ್ಲಿಗೇ ತಿರುಗಿಸಿದೆ. ಎಲೆಕ್ಟ್ರಾನುಗಳು ಉದುರುತ್ತಲೇ ಇದ್ದವು! ಅಂದರೆ ಅದು ಕಲಬೆರಕೆಯಲ್ಲ, ಲೋಹವೇ. ಬೆಳಕಿನ ಶಕ್ತಿಯನ್ನು ಇನ್ನಷ್ಟು ಇಳಿಸಿದೆ. ನಿಂತವು. ಎಲೆಕ್ಟ್ರಾನನ್ನು ಸೇರಿಸಿಕೊಳ್ಳುವಾಗ ಆ ಪರಮಾಣು ಬಿಟ್ಟ ಶಕ್ತಿ ಎಷ್ಟೆಂದರೆ, ಉದುರುವುದು ನಿಂತ ಆ ಗಡಿಯಷ್ಟು.

ಅಷ್ಟರಲ್ಲಿ ನನ್ನ ಗಂಡ ಹೋರಿಯಾ ಬಾಗಿಲಲ್ಲಿದ್ದ. "ಬ್ರಾಂದಿ ತಂದಿದೀನಿ, ಬಿಡ್ರೋ ಅವಳನ್ನ."

"ನಾವು ಬಿಟ್ವಿ ಮಾರಾಯ, ಅವಳೇ ಬರ್ತಿಲ್ಲ," ಎಂದ ತಿಬೇರಿಯು.

ಹೋರಿಯಾ ಕೋಟು ಬಿಚ್ಚಿಟ್ಟು, ಅಂಕಿಗಳನ್ನು ಬರೆದುಕೊಳ್ಳಲು ಕೂತ. ಇಂಥ ಗಂಡ ಯಾರಿಗೆ ಸಿಗುತ್ತಾನೆ ಹೇಳಿ?

ಕಳೆದ ವಾರ, ಅಂದು ನಕ್ಕವರೇ ಬಂದು ಅಳೆದರು. ಅದೇ ಗಡಿ. ನಾನು ಮೇಡಂಗೆ ಫೋನ್ ಮಾಡಿದೆ. ಅವರು ಕೇಳಿದ್ದು ಇಷ್ಟೇ:

"ನಿನ್ ಮದುವೆ ಊಟ ಮಾಡಿದ್ಯೇನೇ?"

"ಇಲ್ಲ ಮೇಡಂ, ನಾವು ಹೋಗೋ ಹೊತ್ತಿಗೆ ಪಾತ್ರೆ ತೊಳೀತಿದ್ರು."

"ಹಾಗಾದ್ರೆ ನಂಬ್ತೀನಿ. ಬರ್ತೀನಿ."

ಯಂತ್ರವನ್ನು ಉಳಿಸಿಕೊಟ್ಟ ಅಧ್ಯಕ್ಷರಿಗೆ, ಅಳೆದು ಒಪ್ಪಿಕೊಂಡ ಹಿರಿಯರಿಗೆ, ನನ್ನನ್ನು ಕದ್ದವರಿಗೆ ಧನ್ಯವಾದಗಳು. ಎಲ್ಲರಿಗೂ ನಮಸ್ಕಾರ. ಮೇಡಂ ಬರುವುದು ಈ ಭಾನುವಾರ, ಟಿಮಿಶೋರಾದಿಂದ ಬರುವ ಮಧ್ಯಾಹ್ನದ ರೈಲಿಗೆ.